ಸರಾಸರಿ ಹೇಳುವುದೆಷ್ಟು, ಹೇಳದೆ ಬಿಡುವುದೆಷ್ಟು

ಒಂದು ಗುಂಪಿನ ಎಲ್ಲ ಅಂಕಿಗಳನ್ನು ಕೂಡಿಸಿ, ಅವು ಎಷ್ಟಿವೆಯೋ ಅಷ್ಟರಿಂದ ಭಾಗಿಸಿದಾಗ ಬರುವ ಬೆಲೆಯೇ ಸರಾಸರಿ. ಪ್ರಾಥಮಿಕ ಶಾಲೆಯ ಈ ಲೆಕ್ಕ ದೊಡ್ಡವರ ಬದುಕಿನಲ್ಲಿ ಬೇರೆ ಬೇರೆ ಹೆಸರುಗಳಲ್ಲಿ ಎದುರಾಗುತ್ತದೆ: ವಾಡಿಕೆ ಮಳೆ, ತಲಾ ಆದಾಯ, ಸರಾಸರಿ ಆಯಸ್ಸು, ಹೆಕ್ಟೇರುವಾರು ಇಳುವರಿ. ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸುವಾಗ, ಬರ ಘೋಷಿಸುವಾಗ, ಬೆಳೆ ವಿಮೆಯ ಪರಿಹಾರ ಲೆಕ್ಕ ಹಾಕುವಾಗ ಇವೇ ಅಂಕಿಗಳು ಆಧಾರವಾಗುತ್ತವೆ. ಹಾಗಾಗಿ ಸರಾಸರಿಯನ್ನು ಸರಿಯಾಗಿ ಓದುವುದು ಗಣಿತದ ವಿದ್ಯಾರ್ಥಿಗಳಿಗಷ್ಟೇ ಬೇಕಾದ ವಿದ್ಯೆಯಲ್ಲ. ಹಣ, ಅನುದಾನ, ಪರಿಹಾರ ಯಾರ ಪಾಲಿಗೆ ಹೋಗುತ್ತದೆ ಎಂದು ತಿಳಿಯಬಯಸುವ ಎಲ್ಲರಿಗೂ ಅದು ಬೇಕು.

ಉಳಿಯುವುದು ಮೊತ್ತ

ಸರಾಸರಿಯಲ್ಲಿ ಚೂರೂ ನಷ್ಟವಾಗದೆ ಉಳಿಯುವ ಸಂಗತಿ ಒಂದೇ, ಅದು ಮೊತ್ತ. ಸರಾಸರಿಯನ್ನು ಎಣಿಕೆಯಿಂದ ಗುಣಿಸಿದರೆ ಮೂಲ ಮೊತ್ತ ಹಾಗೆಯೇ ಮರಳಿ ಸಿಗುತ್ತದೆ. ವಸತಿ ಶಾಲೆಯೊಂದರಲ್ಲಿ ಒಂದು ಮಗುವಿಗೆ ದಿನಕ್ಕೆ ಸರಾಸರಿ 400 ಗ್ರಾಂ ಅಕ್ಕಿ ಖರ್ಚಾಗುತ್ತದೆ ಎಂದು ಗೊತ್ತಿದ್ದರೆ, 250 ಮಕ್ಕಳಿಗೆ ದಿನಕ್ಕೆ 100 ಕೆ.ಜಿ. ಅಕ್ಕಿ ತೆಗೆದಿಡಬೇಕು. ಯಾವ ಮಗು ಹೆಚ್ಚು ಉಣ್ಣುತ್ತದೆ, ಯಾವುದು ಕಡಿಮೆ ಉಣ್ಣುತ್ತದೆ ಎಂಬುದು ಉಗ್ರಾಣದ ಲೆಕ್ಕಕ್ಕೆ ಬೇಕಿಲ್ಲ. ಆದರೆ ಅಪೌಷ್ಟಿಕತೆಯಿಂದ ಬಳಲುತ್ತಿರುವ ಮಗುವನ್ನು ಹುಡುಕಲು ಹೊರಟವರಿಗೆ ಅದೇ 400 ಗ್ರಾಂ ಏನನ್ನೂ ತಿಳಿಸುವುದಿಲ್ಲ. ಪ್ರಶ್ನೆ ಮೊತ್ತದ್ದಾಗಿದ್ದರೆ ಸರಾಸರಿ ಸಾಕು. ಹಂಚಿಕೆಯ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಸರಾಸರಿಯ ವಿಚಾರದಲ್ಲಿ ಆಗುವ ಬಹುಪಾಲು ತಪ್ಪುಗಳು ಈ ವ್ಯತ್ಯಾಸವನ್ನು ಮರೆತಾಗ ಆಗುವಂಥವು.

ಯಾವುದರಿಂದ ಭಾಗಿಸಲಾಗಿದೆ ಎಂಬುದೂ ಮುಖ್ಯ. ಆಸ್ಟ್ರೇಲಿಯಾದ ಡಾನ್ ಬ್ರಾಡ್ಮನ್ ಅವರ ಟೆಸ್ಟ್ ಸರಾಸರಿ 99.94 ಎಂಬುದು ಕ್ರಿಕೆಟ್ ಪ್ರಿಯರಿಗೆಲ್ಲ ಬಾಯಿಪಾಠ. ಅವರು 80 ಇನಿಂಗ್ಸ್‌ಗಳಲ್ಲಿ 6,996 ರನ್ ಗಳಿಸಿದ್ದರು. 10 ಬಾರಿ ಔಟಾಗದೆ ಉಳಿದದ್ದರಿಂದ ಮೊತ್ತವನ್ನು 70ರಿಂದ ಭಾಗಿಸಲಾಗಿದೆ. 80ರಿಂದ ಭಾಗಿಸಿದ್ದರೆ 87.45 ಬರುತ್ತಿತ್ತು. ಮೊದಲನೆಯದು ಒಮ್ಮೆ ಔಟಾಗುವ ಮುನ್ನ ಗಳಿಸಿದ ರನ್ ಎಷ್ಟೆಂದು ಹೇಳಿದರೆ, ಎರಡನೆಯದು ಒಂದು ಇನಿಂಗ್ಸ್‌ಗೆ ಎಷ್ಟೆಂದು ಹೇಳುತ್ತದೆ. ಎರಡೂ ಸರಿ, ಆದರೆ ಉತ್ತರಿಸುವ ಪ್ರಶ್ನೆಗಳು ಬೇರೆ. 29 ಶತಕ ಬಾರಿಸಿದ ಅದೇ ಆಟಗಾರ 7 ಬಾರಿ ಸೊನ್ನೆಗೆ ಔಟಾಗಿದ್ದರು ಎಂಬ ಸಂಗತಿ ಮಾತ್ರ ಈ ಎರಡರಲ್ಲೂ ಇಲ್ಲ.

ತೂಕದ ಲೆಕ್ಕ

ಸರಾಸರಿಗಳ ಸರಾಸರಿ ತೆಗೆಯುವಾಗ ಇನ್ನೊಂದು ಎಚ್ಚರ ಬೇಕು. 2023ರ ಮುಂಗಾರು ಇದಕ್ಕೆ ಒಳ್ಳೆಯ ಉದಾಹರಣೆ. 1971ರಿಂದ 2020ರವರೆಗಿನ 50 ವರ್ಷಗಳ ಸರಾಸರಿಯನ್ನು ಭಾರತೀಯ ಹವಾಮಾನ ಇಲಾಖೆ ದೇಶದ ವಾಡಿಕೆ ಮಳೆ ಎಂದು ಪರಿಗಣಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಸುಮಾರು 87 ಸೆಂ.ಮೀ. 2023ರಲ್ಲಿ ಜೂನ್ ತಿಂಗಳಲ್ಲಿ ವಾಡಿಕೆಯ ಶೇ 91, ಜುಲೈಯಲ್ಲಿ ಶೇ 113, ಆಗಸ್ಟ್‌ನಲ್ಲಿ ಶೇ 64, ಸೆಪ್ಟೆಂಬರ್‌ನಲ್ಲಿ ಶೇ 113ರಷ್ಟು ಮಳೆಯಾಯಿತು. ಈ ನಾಲ್ಕನ್ನು ಕೂಡಿಸಿ ನಾಲ್ಕರಿಂದ ಭಾಗಿಸಿದರೆ ಶೇ 95ಕ್ಕೂ ಸ್ವಲ್ಪ ಹೆಚ್ಚು ಬರುತ್ತದೆ. ಆದರೆ ಇಡೀ ಹಂಗಾಮಿನ ಅಧಿಕೃತ ಅಂಕಿ ಶೇ 94. ವಾಡಿಕೆಯಂತೆ ಜೂನ್‌ನಲ್ಲಿ 16.5 ಸೆಂ.ಮೀ. ಸುರಿದರೆ ಆಗಸ್ಟ್‌ನಲ್ಲಿ 25 ಸೆಂ.ಮೀ. ದಾಟುತ್ತದೆ. ಹೆಚ್ಚು ಮಳೆ ತರಬೇಕಾದ ತಿಂಗಳು ಕೈಕೊಟ್ಟರೆ ಅದರ ಪೆಟ್ಟೂ ಹೆಚ್ಚು. ಪ್ರತಿ ತಿಂಗಳಿಗೂ ಅದರದರ ಪಾಲಿನಷ್ಟು ತೂಕ ಕೊಟ್ಟು ಲೆಕ್ಕ ಹಾಕಿದಾಗಲೇ ಸರಿಯಾದ ಉತ್ತರ ಸಿಗುತ್ತದೆ. ಇದಕ್ಕೆ ತೂಕದ ಸರಾಸರಿ ಎನ್ನುತ್ತಾರೆ. ಸಣ್ಣ ತಾಲ್ಲೂಕು, ದೊಡ್ಡ ತಾಲ್ಲೂಕುಗಳ ಸಾಕ್ಷರತೆಯನ್ನು ಕೂಡಿಸಿ ಜಿಲ್ಲೆಯ ಸಾಕ್ಷರತೆ ತೆಗೆಯುವಾಗಲೂ ನಿಯಮ ಇದೇ.

ಅದೇ ಶೇ 94ರಲ್ಲಿ ಇನ್ನೂ ದೊಡ್ಡ ಪಾಠವೊಂದಿದೆ. ದೇಶದ ಲೆಕ್ಕದಲ್ಲಿ ಕೊರತೆ ಶೇ 6 ಮಾತ್ರ. ಆದರೆ ಆ ವರ್ಷದ ಆಗಸ್ಟ್ 1901ರ ನಂತರದ ಅತಿ ಒಣ ಆಗಸ್ಟ್ ಆಗಿತ್ತು. ಕರ್ನಾಟಕದಲ್ಲಿ ಮುಂಗಾರು ಮಳೆ ವಾಡಿಕೆಗಿಂತ ಸುಮಾರು ಕಾಲು ಭಾಗ ಕಡಿಮೆಯಾಯಿತು. 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಬಿತ್ತಿದ ಬೆಳೆ ಹೂ ಬಿಟ್ಟು ಕಾಳು ಕಟ್ಟುವ ಹೊತ್ತಿಗೆ ಮಳೆ ಹೋಯಿತು. ಜುಲೈಯಲ್ಲಿ ಬಿದ್ದ ಹೆಚ್ಚುವರಿ ಮಳೆ ಲೆಕ್ಕದ ಕಾಗದದಲ್ಲಿ ಆಗಸ್ಟ್‌ನ ಕೊರತೆಯನ್ನು ತುಂಬುತ್ತದೆ, ಹೊಲದಲ್ಲಿ ತುಂಬುವುದಿಲ್ಲ. ಇನ್ನೊಂದು ರಾಜ್ಯದಲ್ಲಿ ಸುರಿದ ಮಳೆ ಕರ್ನಾಟಕದ ಪೈರಿಗೆ ನೀರಾಗುವುದಿಲ್ಲ. ಒಂದು ಕಡೆಯ ಹೆಚ್ಚಳ ಇನ್ನೊಂದು ಕಡೆಯ ಕೊರತೆಯನ್ನು ನಿಜವಾಗಿಯೂ ತುಂಬಬಲ್ಲದೇ ಎಂದು ವಿಚಾರಿಸದೆ ತೆಗೆದ ಸರಾಸರಿ ಕಷ್ಟವನ್ನು ಮರೆಮಾಡುತ್ತದೆ.

ಒಂದು ತುದಿಯ ಎಳೆತ

ಹತ್ತು ಮನೆಗಳಿರುವ ಬೀದಿಯೊಂದನ್ನು ಊಹಿಸಿಕೊಳ್ಳೋಣ. ಒಂಬತ್ತು ಮನೆಗಳ ತಿಂಗಳ ಆದಾಯ ತಲಾ 15,000 ರೂಪಾಯಿ, ಹತ್ತನೆಯ ಮನೆಯದು 3,65,000 ರೂಪಾಯಿ. ಒಟ್ಟು 5,00,000, ಸರಾಸರಿ 50,000. ಆ ಬೀದಿಯಲ್ಲಿ 50,000ದ ಹತ್ತಿರ ಗಳಿಸುವ ಮನೆ ಒಂದೂ ಇಲ್ಲ. ಅಂಕಿಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸಿ ನಟ್ಟನಡುವಿನದನ್ನು ಆರಿಸಿದರೆ 15,000 ಸಿಗುತ್ತದೆ. ಅದೇ ಮಧ್ಯಾಂಕ. ಹತ್ತನೆಯ ಮನೆಯ ಆದಾಯ ಇನ್ನೂ ಹತ್ತು ಪಟ್ಟಾದರೂ ಮಧ್ಯಾಂಕ ಕದಲುವುದಿಲ್ಲ. ಸರಾಸರಿಯಾದರೋ ಪ್ರತಿ ಅಂಕಿಯ ಗಾತ್ರಕ್ಕೂ ಸ್ಪಂದಿಸುತ್ತದೆ. ಸರಾಸರಿಯ ಶಕ್ತಿ ಇರುವುದು ಅಲ್ಲಿಯೇ, ದೌರ್ಬಲ್ಯವೂ ಅಲ್ಲಿಯೇ. ಆದಾಯ, ಜಮೀನಿನ ಹಿಡುವಳಿ, ಮನೆ ಬೆಲೆ, ಆಸ್ಪತ್ರೆ ಬಿಲ್ಲುಗಳಂಥ ವಿಷಯಗಳಲ್ಲಿ ಕೆಲವು ಅಂಕಿಗಳು ಮಿಕ್ಕವನ್ನೆಲ್ಲ ಮೀರಿ ಬೆಳೆಯುವುದರಿಂದ, ಅಲ್ಲೆಲ್ಲ ಮಧ್ಯಾಂಕವನ್ನೂ ಜೊತೆಗಿಟ್ಟು ನೋಡಬೇಕು. ಸರಾಸರಿ ಮಧ್ಯಾಂಕಕ್ಕಿಂತ ಬಹಳ ಮೇಲಿದ್ದರೆ ಸಂಪತ್ತು ಕೆಲವರಲ್ಲಿ ಸೇರಿಕೊಂಡಿದೆ ಎಂದರ್ಥ.

ಕರ್ನಾಟಕದ ಪ್ರಾದೇಶಿಕ ಅಸಮತೋಲನದ ಚರ್ಚೆಯಲ್ಲಿ ಇದರ ದೊಡ್ಡ ರೂಪ ಕಾಣುತ್ತದೆ. ಡಾ. ಡಿ.ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿ 2002ರಲ್ಲಿ ಸಲ್ಲಿಸಿದ ವರದಿಯಲ್ಲಿ 35 ಸೂಚಕಗಳನ್ನು ಒಟ್ಟುಗೂಡಿಸಿ ಪ್ರತಿ ತಾಲ್ಲೂಕಿಗೂ ಒಂದು ಅಭಿವೃದ್ಧಿ ಸೂಚ್ಯಂಕ ಕೊಟ್ಟಿತು. ರಾಜ್ಯದ ಸರಾಸರಿ ಮಟ್ಟವನ್ನು 1 ಎಂದು ಇಟ್ಟುಕೊಂಡು, ಅದಕ್ಕಿಂತ ಕೆಳಗಿದ್ದವನ್ನು ಹಿಂದುಳಿದವು ಎಂದು ಗುರುತಿಸಿತು. ಅಂದಿನ 175 ತಾಲ್ಲೂಕುಗಳಲ್ಲಿ 114 ಆ ಗೆರೆಗಿಂತ ಕೆಳಗಿದ್ದವು. ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಸರಾಸರಿಗಿಂತ ಕೆಳಗಿರುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಹತ್ತು ಮನೆಗಳ ಬೀದಿಯಲ್ಲಿದೆ. ಜನದಟ್ಟಣೆಯ, ಮುಂದುವರಿದ ಕೆಲವು ತಾಲ್ಲೂಕುಗಳು ರಾಜ್ಯದ ಮಟ್ಟವನ್ನು ಮೇಲೆತ್ತುತ್ತವೆ, ಮಿಕ್ಕವು ಕೆಳಗೆ ಉಳಿಯುತ್ತವೆ.

ಆ 114ರಲ್ಲಿ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪೈಕಿ 21 ಕಲಬುರಗಿ ವಿಭಾಗದಲ್ಲಿದ್ದವು, 11 ಬೆಂಗಳೂರು ವಿಭಾಗದಲ್ಲಿದ್ದವು. ಬೆಂಗಳೂರು ವಿಭಾಗದ ಒಟ್ಟು ಸರಾಸರಿಯನ್ನಷ್ಟೇ ನೋಡಿದ್ದರೆ ಈ 11 ತಾಲ್ಲೂಕುಗಳು ಕಣ್ಣಿಗೆ ಬೀಳುತ್ತಿರಲಿಲ್ಲ. ಸಮಿತಿ ಜಿಲ್ಲೆಯ ಬದಲು ತಾಲ್ಲೂಕನ್ನು ಅಳತೆಯ ಘಟಕವಾಗಿ ಆರಿಸಿಕೊಂಡದ್ದು ಅದರ ದೊಡ್ಡ ಕೊಡುಗೆ. ಅಲ್ಲಿ ಸರಾಸರಿ ಬಳಕೆಯಾದದ್ದು ಯಾರು ಎಷ್ಟು ಕೆಳಗಿದ್ದಾರೆ ಎಂದು ಅಳೆಯುವ ಗೆರೆಯಾಗಿ. ಅದು ಸರಾಸರಿಯ ಸದುಪಯೋಗ.

ಹರವು ಮತ್ತು ಆಕಾರ

ರಾಜ್ಯದ ವಾರ್ಷಿಕ ವಾಡಿಕೆ ಮಳೆ ಸುಮಾರು 1,150 ಮಿ.ಮೀ. ಕರಾವಳಿಯಲ್ಲಿ 3,000 ಮಿ.ಮೀ.ಗೂ ಹೆಚ್ಚು ಬೀಳುತ್ತದೆ, ಉತ್ತರ ಒಳನಾಡಿನಲ್ಲಿ 700ರ ಆಸುಪಾಸು. ಆಗುಂಬೆಯಲ್ಲಿ ಅದು 7,000 ಮಿ.ಮೀ. ದಾಟಿದರೆ ಚಳ್ಳಕೆರೆಯಲ್ಲಿ 500ರ ಸುತ್ತಮುತ್ತ ನಿಲ್ಲುತ್ತದೆ. 1,150 ಎಂಬ ಒಂದೇ ಅಂಕಿಯನ್ನು ನಂಬಿ ಆಗುಂಬೆಯಲ್ಲಿ ಮೋರಿ ಕಟ್ಟಲಾಗದು, ಚಳ್ಳಕೆರೆಯಲ್ಲಿ ಬೆಳೆ ಆರಿಸಲಾಗದು. ಅಂಕಿಗಳು ಸರಾಸರಿಯ ಆಚೀಚೆ ಎಷ್ಟು ಹರಡಿಕೊಂಡಿವೆ ಎಂಬುದನ್ನು ಅಳೆಯಲು ಮಾನಕ ವಿಚಲನೆ ಇದೆ. ಒಂದು ಊರಿನಲ್ಲಿ ನಾಲ್ಕು ವಾರ ತಲಾ 50 ಮಿ.ಮೀ. ಮಳೆ ಬಂತು, ಇನ್ನೊಂದರಲ್ಲಿ ಮೂರು ವಾರ ಒಣಗಿ ನಾಲ್ಕನೆಯ ವಾರ 200 ಮಿ.ಮೀ. ಸುರಿಯಿತು ಎಂದುಕೊಂಡರೆ, ಎರಡರ ಸರಾಸರಿಯೂ ವಾರಕ್ಕೆ 50. ಮೊದಲ ಊರಿನ ಮಾನಕ ವಿಚಲನೆ ಸೊನ್ನೆ, ಎರಡನೆಯದರದು ಸುಮಾರು 87. ಮೊದಲನೆಯ ಊರಿನಲ್ಲಿ ಬೆಳೆ ನಳನಳಿಸುತ್ತದೆ, ಎರಡನೆಯದರಲ್ಲಿ ಮೊದಲು ಬಾಡಿ ಆಮೇಲೆ ಕೊಚ್ಚಿಹೋಗುತ್ತದೆ. ಸರಾಸರಿಯ ಪಕ್ಕದಲ್ಲಿ ಈ ಎರಡನೆಯ ಅಂಕಿಯಿಲ್ಲದಿದ್ದರೆ ಎರಡು ಊರುಗಳು ಒಂದೇ ಎನಿಸುತ್ತವೆ.

ಕೆಲವು ಸಲ ಅಂಕಿಗಳು ಎರಡು ಗುಂಪುಗಳಾಗಿ ಒಡೆದುಕೊಂಡಿರುತ್ತವೆ, ಸರಾಸರಿ ಯಾರೂ ಇಲ್ಲದ ನಡುವಿನ ಜಾಗದಲ್ಲಿ ಬಂದು ನಿಲ್ಲುತ್ತದೆ. ಸ್ವಾತಂತ್ರ್ಯ ಬಂದ ಕಾಲಕ್ಕೆ ಭಾರತೀಯರ ಸರಾಸರಿ ಆಯಸ್ಸು ಸುಮಾರು 32 ವರ್ಷ ಇತ್ತು. ಇದನ್ನು ಓದಿ, ಆಗಿನ ಜನ ಮೂವತ್ತೆರಡಕ್ಕೇ ಮುದುಕರಾಗಿ ಸಾಯುತ್ತಿದ್ದರು ಎಂದು ಭಾವಿಸುವವರಿದ್ದಾರೆ. ಹುಟ್ಟಿದ ಹತ್ತು ಮಕ್ಕಳಲ್ಲಿ ನಾಲ್ವರು ಒಂದು ವರ್ಷಕ್ಕೇ ತೀರಿಕೊಂಡು, ಉಳಿದ ಆರು ಮಂದಿ 60ರವರೆಗೆ ಬದುಕಿದರೆ ಸರಾಸರಿ 36.4 ವರ್ಷ ಆಗುತ್ತದೆ. ಆ ಹತ್ತು ಮಂದಿಯಲ್ಲಿ ಒಬ್ಬರೂ 36ರಲ್ಲಿ ಸತ್ತಿಲ್ಲ. ಇಂದು ಸರಾಸರಿ ಆಯಸ್ಸು 70ರ ಹತ್ತಿರಕ್ಕೆ ಬಂದಿರುವುದರ ಹಿಂದೆ ಲಸಿಕೆ, ಶುದ್ಧ ನೀರು, ಸುರಕ್ಷಿತ ಹೆರಿಗೆಗಳಿಂದ ಉಳಿದ ಶಿಶುಗಳ ಪಾಲು ಬಹಳ ದೊಡ್ಡದು. ಅಂಕಿಯ ಹಿಂದಿನ ಆಕಾರ ತಿಳಿಯದವರು ವೃದ್ಧರ ಆಯಸ್ಸು ಇಮ್ಮಡಿಯಾಯಿತೆಂದು ತಿಳಿದು, ತೊಟ್ಟಿಲಿನ ಬಳಿ ನಡೆದ ಸಾಧನೆಯನ್ನು ಗಮನಿಸದೆ ಹೋಗುತ್ತಾರೆ.

ಸರಾಸರಿ ಮನುಷ್ಯ ಎಂಬ ಕಲ್ಪನೆ

ಬೆಲ್ಜಿಯಂನ ಖಗೋಳ ವಿಜ್ಞಾನಿ ಅಡಾಲ್ಫ್ ಕ್ವೆಟಲೆ 1835ರಲ್ಲಿ ‘ಸರಾಸರಿ ಮನುಷ್ಯ’ ಎಂಬ ಕಲ್ಪನೆಯನ್ನು ಮುಂದಿಟ್ಟರು. ಒಂದೇ ನಕ್ಷತ್ರದ ಸ್ಥಾನವನ್ನು ಹಲವು ಸಲ ಅಳೆದು ಸರಾಸರಿ ತೆಗೆದರೆ ಅಳತೆಯ ತಪ್ಪುಗಳು ಒಂದನ್ನೊಂದು ಹೊಡೆದುಹಾಕಿ ನಿಜವಾದ ಸ್ಥಾನ ಸಿಗುತ್ತದೆ ಎಂಬುದು ಖಗೋಳ ವಿಜ್ಞಾನಿಗಳ ಅನುಭವ. ಅದೇ ವಿಧಾನವನ್ನು ಕ್ವೆಟಲೆ ಮನುಷ್ಯರ ದೇಹದ ಅಳತೆಗಳಿಗೆ ಅನ್ವಯಿಸಿದರು. ಆದರೆ ನಕ್ಷತ್ರಕ್ಕೆ ಇರುವುದು ಒಂದೇ ನಿಜವಾದ ಸ್ಥಾನ. ಮನುಷ್ಯರ ನಡುವಿನ ವ್ಯತ್ಯಾಸ ಅಳತೆಯ ತಪ್ಪಲ್ಲ, ಅದೇ ವಾಸ್ತವ.

ಈ ಕಲ್ಪನೆಯ ಮಿತಿ ಒಂದು ಶತಮಾನದ ನಂತರ ಬಯಲಾಯಿತು. ಅಮೆರಿಕದ ವಾಯುಪಡೆಯಲ್ಲಿ ಕಾಕ್‌ಪಿಟ್‌ಗಳನ್ನು ಸರಾಸರಿ ಪೈಲಟ್‌ನ ಅಳತೆಗೆ ತಕ್ಕಂತೆ ಮಾಡುವ ರೂಢಿಯಿತ್ತು. 1950ರಲ್ಲಿ ಅಳೆಯಲಾಗಿದ್ದ 4,063 ಪೈಲಟ್‌ಗಳ ದತ್ತಾಂಶವನ್ನು ಗಿಲ್ಬರ್ಟ್ ಡೇನಿಯಲ್ಸ್ ಎಂಬ ಯುವ ಸಂಶೋಧಕ ಪರಿಶೀಲಿಸಿದರು. ಎತ್ತರ, ಎದೆ ಸುತ್ತಳತೆ, ತೋಳಿನ ಉದ್ದ ಮೊದಲಾದ ಹತ್ತು ಅಳತೆಗಳನ್ನು ತೆಗೆದುಕೊಂಡು, ಪ್ರತಿಯೊಂದರಲ್ಲೂ ನಡುವಿನ ಶೇ 30ರೊಳಗೆ ಬರುವವರನ್ನು ‘ಸರಾಸರಿ’ ಎಂದು ಎಣಿಸಿದರು. ಹತ್ತರಲ್ಲೂ ಸರಾಸರಿಯಾಗಿದ್ದ ಪೈಲಟ್ ಒಬ್ಬರೂ ಸಿಗಲಿಲ್ಲ. ಉದ್ದ ತೋಳಿನವರಿಗೆ ಗಿಡ್ಡ ಕಾಲು, ಅಗಲ ಎದೆಯವರಿಗೆ ಕಿರಿದಾದ ಸೊಂಟ, ಹೀಗೆ ಒಬ್ಬೊಬ್ಬರ ಜೋಡಣೆ ಒಂದೊಂದು ಬಗೆ. ಹಿಂದೆ ಮುಂದೆ ಸರಿಸಬಹುದಾದ ಸೀಟು, ಹೊಂದಿಸಬಹುದಾದ ಪಟ್ಟಿಗಳು ಬರಲು ಈ ಬಗೆಯ ಅಧ್ಯಯನಗಳು ದಾರಿಮಾಡಿದವು. ಬಸ್ಸಿನ ಹಿಡಿಕೆ, ಶಾಲೆಯ ಬೆಂಚು, ಔಷಧದ ಪ್ರಮಾಣ ನಿರ್ಧರಿಸುವವರಿಗೂ ಈ ಮಾತು ಅನ್ವಯಿಸುತ್ತದೆ.

ಎರಡು ಗುಂಪುಗಳ ಸರಾಸರಿಯನ್ನು ಹೋಲಿಸುವಾಗಲೂ ಒಳಗಿನ ರಚನೆಯನ್ನು ನೋಡಬೇಕು. 1973ರಲ್ಲಿ ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪ್ರವೇಶದಲ್ಲಿ ಅರ್ಜಿ ಹಾಕಿದ ಪುರುಷರಲ್ಲಿ ಶೇ 44, ಮಹಿಳೆಯರಲ್ಲಿ ಶೇ 35 ಮಂದಿಗೆ ಸೀಟು ಸಿಕ್ಕಿತ್ತು. ವಿಭಾಗವಾರು ನೋಡಿದಾಗ ಮಹಿಳೆಯರ ವಿರುದ್ಧ ಅಂಥ ಒಲವು ಕಾಣಲಿಲ್ಲ. ಎಲ್ಲರಿಗೂ ಸೀಟು ಸಿಗುವುದು ಕಷ್ಟವಾಗಿದ್ದ ವಿಭಾಗಗಳಿಗೆ ಮಹಿಳೆಯರು ಹೆಚ್ಚಾಗಿ ಅರ್ಜಿ ಹಾಕಿದ್ದರು. ಒಟ್ಟು ಲೆಕ್ಕದಲ್ಲಿ ಕಂಡ ಅಂತರ ವಿಭಾಗಗಳಾಗಿ ಬಿಡಿಸಿದಾಗ ಹೀಗೆ ಮಾಯವಾಗುವುದನ್ನು ಸಂಖ್ಯಾಶಾಸ್ತ್ರದಲ್ಲಿ ಸಿಂಪ್ಸನ್‌ನ ವಿರೋಧಾಭಾಸ ಎನ್ನುತ್ತಾರೆ.

ಸರಾಸರಿಯ ಬಲ

ಇಷ್ಟೆಲ್ಲ ಮಿತಿಗಳಿದ್ದರೂ ಸರಾಸರಿ ಉಳಿದು ಬಂದಿರುವುದಕ್ಕೆ ಗಟ್ಟಿ ಕಾರಣವಿದೆ. ಎಲ್ಲವನ್ನೂ ಅಳೆಯಲು ಆಗದಿದ್ದಾಗ ಯಾದೃಚ್ಛಿಕವಾಗಿ ಆರಿಸಿದ ಕೆಲವನ್ನು ಅಳೆದು, ಅವುಗಳ ಸರಾಸರಿಯಿಂದ ಇಡೀ ಗುಂಪಿನ ಸರಾಸರಿಯನ್ನು ಅಂದಾಜು ಮಾಡಬಹುದು. ಆ ಅಂದಾಜು ಎಷ್ಟು ಆಚೀಚೆ ಆಗಬಹುದು ಎಂದೂ ಹೇಳಬಹುದು. ಮಾದರಿಯ ಗಾತ್ರ ನಾಲ್ಕು ಪಟ್ಟಾದರೆ ತಪ್ಪಿನ ವ್ಯಾಪ್ತಿ ಅರ್ಧಕ್ಕಿಳಿಯುತ್ತದೆ. 1931ರಲ್ಲಿ ಕೋಲ್ಕತ್ತದಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದ ಪಿ.ಸಿ. ಮಹಾಲನೋಬಿಸ್ ಈ ತತ್ತ್ವವನ್ನು ಬಂಗಾಳದ ಸೆಣಬಿನ ಹೊಲಗಳಿಗೆ ಒಯ್ದರು. ಅದೇ ಸಂಸ್ಥೆಯಲ್ಲಿ ಬೆಳೆದ ಸಿ.ಆರ್. ರಾವ್ ಹುಟ್ಟಿದ್ದು 1920ರಲ್ಲಿ ಹೂವಿನಹಡಗಲಿಯಲ್ಲಿ. ಪಕ್ಷಪಾತವಿಲ್ಲದ ಯಾವುದೇ ಅಂದಾಜಿನ ಏರಿಳಿತವನ್ನು ಒಂದು ಮಿತಿಗಿಂತ ಕೆಳಗಿಳಿಸಲಾಗದು ಎಂದು ಅವರು 1945ರಲ್ಲಿ ತೋರಿಸಿದರು. ಅಂಕಿಗಳು ನಡುವಿನ ಬೆಲೆಯ ಎರಡೂ ಕಡೆ ಸಮನಾಗಿ, ಗಂಟೆಯಾಕಾರದಲ್ಲಿ ಹರಡಿದ್ದರೆ ಮಾದರಿಯ ಸರಾಸರಿ ಆ ಮಿತಿಯನ್ನು ಮುಟ್ಟುತ್ತದೆ. ಅಂದರೆ ಅಂಥ ಸಂದರ್ಭದಲ್ಲಿ ಅದಕ್ಕಿಂತ ಉತ್ತಮವಾದ ನಿಷ್ಪಕ್ಷ ಅಂದಾಜು ಇಲ್ಲ.

ಆದರೆ ಆಯ್ಕೆಯಲ್ಲೇ ವಾಲಿಕೆ ಇದ್ದರೆ ಮಾದರಿ ಎಷ್ಟು ದೊಡ್ಡದಾದರೂ ಪ್ರಯೋಜನವಿಲ್ಲ. ಹೊಲದ ಒಂದು ತಾಕನ್ನು ಗುರುತಿಸಿ ಕೊಯ್ದು ಇಳುವರಿ ಅಳೆಯುವ ಬೆಳೆ ಕಟಾವು ಪ್ರಯೋಗದಲ್ಲಿ ತೀರಾ ಸಣ್ಣ ತಾಕು ಬಳಸಿದರೆ ಗೆರೆಯ ಮೇಲಿನ ಗಿಡಗಳನ್ನು ಒಳಕ್ಕೆ ಸೇರಿಸಿಕೊಳ್ಳುವ ಪ್ರವೃತ್ತಿಯಿಂದ ಇಳುವರಿ ಹೆಚ್ಚಾಗಿ ಕಾಣುತ್ತದೆ ಎಂಬುದನ್ನು ಅಂದಿನ ಭಾರತೀಯ ಸಂಶೋಧಕರು ಹೊಲದಲ್ಲೇ ಕಂಡುಕೊಂಡಿದ್ದರು.

ಬೆಳೆ ವಿಮೆ: ಎಲ್ಲವೂ ಕೂಡುವ ಜಾಗ

ಸರಾಸರಿಯ ಬಲ, ಮಿತಿ ಎರಡೂ ಒಟ್ಟಿಗೆ ಕಾಣುವುದು ಬೆಳೆ ವಿಮೆಯಲ್ಲಿ. ಪ್ರತಿ ರೈತನ ನಷ್ಟವನ್ನು ಹೊಲ ಹೊಲಕ್ಕೂ ಹೋಗಿ ಅಳೆಯುವುದು ದುಬಾರಿ, ವಿವಾದಗಳಿಗೂ ದಾರಿ. ಅದರ ಬದಲು ಒಂದು ಪ್ರದೇಶಕ್ಕೆಲ್ಲ ಒಂದೇ ಅಳತೆ ಇಟ್ಟು ಪರಿಹಾರ ಕೊಡಬಹುದು ಎಂಬ ಆಲೋಚನೆಗೆ ಕನ್ನಡನಾಡಿನಲ್ಲಿ ಹಳೆಯ ಬೇರಿದೆ. ಮೈಸೂರು ಸಂಸ್ಥಾನದ ಅಧಿಕಾರಿ ಜೆ.ಎಸ್. ಚಕ್ರವರ್ತಿ 1920ರಲ್ಲಿ ಪ್ರಕಟಿಸಿದ ಕೃಷಿ ವಿಮೆಯ ಪುಸ್ತಕದಲ್ಲಿ ಪ್ರದೇಶದ ಮಳೆಯನ್ನು ಆಧಾರವಾಗಿಟ್ಟ ಯೋಜನೆಯನ್ನು ವಿವರಿಸಿದ್ದರು. 2016ರ ಮುಂಗಾರಿನಿಂದ ಜಾರಿಗೆ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೇ ಘಟಕ. ಪಂಚಾಯಿತಿಯಲ್ಲಿ ಒಂದು ಬೆಳೆಗೆ ಕನಿಷ್ಠ ನಾಲ್ಕು ಕಟಾವು ಪ್ರಯೋಗ ನಡೆಯಬೇಕು. ಸರ್ವೆ ನಂಬರನ್ನು ಯಾದೃಚ್ಛಿಕವಾಗಿ ಆರಿಸಿ, ಬಹುತೇಕ ಬೆಳೆಗಳಿಗೆ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ತಾಕು ಗುರುತಿಸಿ, ಅದರೊಳಗಿನ ಬೆಳೆಯನ್ನು ಕೊಯ್ದು, ಒಕ್ಕಿ, ಕಾಳು ತೂಗುತ್ತಾರೆ. 25 ಚದರ ಮೀಟರಿನ ತೂಕವನ್ನು 400ರಿಂದ ಗುಣಿಸಿದರೆ ಹೆಕ್ಟೇರಿನ ಇಳುವರಿ ಬರುತ್ತದೆ. ಹಿಂದಿನ ಏಳು ವರ್ಷಗಳಲ್ಲಿ ಉತ್ತಮವಾದ ಐದು ವರ್ಷಗಳ ಸರಾಸರಿಯನ್ನು ನಿಗದಿತ ಶೇಕಡಾವಾರಿನಿಂದ ಗುಣಿಸಿ ಖಾತರಿ ಇಳುವರಿ ಗೊತ್ತುಮಾಡುತ್ತಾರೆ. ಈ ವರ್ಷದ ಸರಾಸರಿ ಅದಕ್ಕಿಂತ ಎಷ್ಟು ಭಾಗ ಕಡಿಮೆಯೋ, ವಿಮಾ ಮೊತ್ತದ ಅಷ್ಟು ಭಾಗ ಪರಿಹಾರ.

ಲೆಕ್ಕಕ್ಕಾಗಿ ನಾಲ್ಕು ತಾಕುಗಳಲ್ಲಿ 6, 5, 4.5 ಮತ್ತು 0.5 ಕೆ.ಜಿ. ಕಾಳು ಸಿಕ್ಕಿತು ಎಂದುಕೊಳ್ಳೋಣ. ಸರಾಸರಿ 4 ಕೆ.ಜಿ., ಹೆಕ್ಟೇರಿಗೆ 1,600 ಕೆ.ಜಿ. ಖಾತರಿ ಇಳುವರಿ 1,500 ಆಗಿದ್ದರೆ ಆ ಪಂಚಾಯಿತಿಯ ಯಾರಿಗೂ ಪರಿಹಾರವಿಲ್ಲ. ನಾಲ್ಕನೆಯ ತಾಕಿನ ರೈತನಿಗೆ ಹೆಕ್ಟೇರಿಗೆ ಸಿಕ್ಕಿದ್ದು 200 ಕೆ.ಜಿ., ಅವನಿಗೂ ಇಲ್ಲ. ಸರಾಸರಿ 1,200ಕ್ಕೆ ಇಳಿದಿದ್ದರೆ ವಿಮೆ ಮಾಡಿಸಿದ ಎಲ್ಲರಿಗೂ ಶೇ 20 ಬರುತ್ತಿತ್ತು, ಚೆನ್ನಾಗಿ ಬೆಳೆದವರಿಗೂ ಸೇರಿ. ಪಂಚಾಯಿತಿಗೆಲ್ಲ ಒಂದೇ ಬಗೆಯಾಗಿ ತಟ್ಟುವ ಬರದಲ್ಲಿ ಈ ಪದ್ಧತಿ ನ್ಯಾಯವಾಗಿ ನಡೆಯುತ್ತದೆ, ಏಕೆಂದರೆ ಆಗ ಹರವು ಚಿಕ್ಕದು, ಸರಾಸರಿ ಹೆಚ್ಚಿನವರ ಸ್ಥಿತಿಗೆ ಹತ್ತಿರ. ಒಂದು ಮಗ್ಗುಲಿಗೆ ಮಾತ್ರ ಬೀಳುವ ಆಲಿಕಲ್ಲು, ಹಳ್ಳ ಉಕ್ಕಿ ನುಗ್ಗುವ ನೀರಿನ ವಿಷಯದಲ್ಲಿ ಅದು ಸೋಲುತ್ತದೆ. ಹಾಗಾಗಿಯೇ ಆಲಿಕಲ್ಲು, ಭೂಕುಸಿತ, ಜಲಾವೃತದಂಥ ಸ್ಥಳೀಯ ವಿಕೋಪಗಳಲ್ಲಿ 72 ಗಂಟೆಯೊಳಗೆ ತಿಳಿಸಿದರೆ ಹೊಲವಾರು ಅಂದಾಜು ಮಾಡುವ ಅವಕಾಶ ಇಡಲಾಗಿದೆ. ಹಂಚಿಕೆಯ ಪ್ರಶ್ನೆಗೆ ಸರಾಸರಿಯಲ್ಲಿ ಉತ್ತರವಿಲ್ಲ ಎಂದು ಯೋಜನೆಯ ನಿಯಮವೇ ಒಪ್ಪಿಕೊಂಡಿರುವ ಜಾಗವಿದು. ಈ ಅವಕಾಶ ಪ್ರತಿ ರೈತನಿಗೂ ಗೊತ್ತಿರಬೇಕು.

ಓದುವ ಕ್ರಮ

ಸರಾಸರಿಯೊಂದು ಕಣ್ಣಿಗೆ ಬಿದ್ದಾಗ ಕೇಳಬೇಕಾದ ಪ್ರಶ್ನೆಗಳು ಕೆಲವೇ. ಯಾವ ಮೊತ್ತವನ್ನು ಯಾವುದರಿಂದ ಭಾಗಿಸಲಾಗಿದೆ? ಘಟಕ ಯಾವುದು: ರಾಜ್ಯವೋ, ತಾಲ್ಲೂಕೋ, ಪಂಚಾಯಿತಿಯೋ? ಮಧ್ಯಾಂಕ ಎಷ್ಟು? ಅಂಕಿಗಳು ಎಷ್ಟು ಹರಡಿವೆ, ಒಂದೇ ಗುಂಪಾಗಿವೆಯೋ ಎರಡಾಗಿ ಒಡೆದಿವೆಯೋ? ಎಷ್ಟನ್ನು ಅಳೆಯಲಾಗಿದೆ, ಅವನ್ನು ಆರಿಸಿದ್ದು ಹೇಗೆ? ಒಬ್ಬರ ಹೆಚ್ಚಳ ಇನ್ನೊಬ್ಬರ ಕೊರತೆಯನ್ನು ನಿಜವಾಗಿಯೂ ತುಂಬುತ್ತದೆಯೇ? ಸರ್ಕಾರದ ವರದಿಗಳೂ ಪತ್ರಿಕೆಗಳೂ ಸರಾಸರಿಯ ಜೊತೆಯಲ್ಲಿ ಮಧ್ಯಾಂಕವನ್ನೂ ಅತಿ ಕಡಿಮೆ, ಅತಿ ಹೆಚ್ಚು ಬೆಲೆಗಳನ್ನೂ ಕೊಟ್ಟರೆ ಈ ಪ್ರಶ್ನೆಗಳಲ್ಲಿ ಅರ್ಧಕ್ಕೆ ಅಲ್ಲಿಯೇ ಉತ್ತರ ಸಿಗುತ್ತದೆ. ಅದಕ್ಕೆ ಬೇಕಾದ ದತ್ತಾಂಶ ಸರಾಸರಿ ತೆಗೆದವರ ಕೈಯಲ್ಲಿ ಆಗಲೇ ಇರುತ್ತದೆ.